ಮನ್ನಾ ಆದ ಮೊತ್ತ ಎಲ್ಲಿಗೆ ಹೋಗುತ್ತದೆ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇದು: ‘ಅಮ್ಮನ ಆಪರೇಷನ್ನಿಗೆ ಕ್ರೆಡಿಟ್ ಕಾರ್ಡ್ ಬಳಸಿದೆ. ಬಾಕಿ ಈಗ 1,84,000 ರೂಪಾಯಿ. ಅದೇ ಬ್ಯಾಂಕಿನ ಪರ್ಸನಲ್ ಲೋನಿಗೆ ತಿಂಗಳಿಗೆ 11,400 ಕಂತು ಇದೆ, ಅದನ್ನು ಒಮ್ಮೆಯೂ ತಪ್ಪಿಸಿಲ್ಲ. ಕಾರ್ಡಿಗೆ ಮಾತ್ರ ಎರಡು ತಿಂಗಳಿಂದ ಏನೂ ಕಟ್ಟಿಲ್ಲ. ವಸೂಲಿಯವರು “ಒಂದೇ ಸಲ 95,000 ಕಟ್ಟಿಬಿಡಿ, ಉಳಿದದ್ದು ಮನ್ನಾ, ಸಿಬಿಲ್ ಕ್ಲಿಯರ್ ಆಗುತ್ತೆ ಸರ್” ಎನ್ನುತ್ತಿದ್ದಾರೆ. ಹೆಂಡತಿಯ ಒಡವೆ ಅಡವಿಟ್ಟರೆ ಅಷ್ಟು ಸಿಗುತ್ತದೆ. ಶಾಖೆಯಲ್ಲಿ ಕೇಳಿದರೆ ಬಾಕಿಯನ್ನು ಕಂತು ಮಾಡಿಕೊಡಬಹುದು ಎಂದರು. ಎಲ್ಲ ಸಾಲಕ್ಕೂ ಸೇರಿ ತಿಂಗಳಿಗೆ 19,000 ತೆಗೆದಿಡಬಲ್ಲೆ. ಮಗಳು ಮೊದಲ ಪಿಯುಸಿ, ಎರಡು ವರ್ಷಕ್ಕೆ ಎಜುಕೇಶನ್ ಲೋನ್ ಬೇಕು. ಯಾವ ದಾರಿ ಹಿಡಿಯಲಿ? ಕಂತು ಮಾಡಿಕೊಂಡರೂ ಸಿಬಿಲ್ ಕೆಡುತ್ತದೆಯೇ?’

ಸಂಪಾದಕರ ಉತ್ತರ: ಎಷ್ಟು ಕಟ್ಟಬೇಕು ಎಂದು ಕೇಳುವ ಮೊದಲು, ಕಟ್ಟಿದ ಮೇಲೆ ನಿಮ್ಮ ಸಿಬಿಲ್ ವರದಿಯಲ್ಲಿ ಯಾವ ಪದ ಬೀಳುತ್ತದೆ ಎಂದು ಕೇಳಿ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಅಲ್ಲಿದೆ.

95,000ಕ್ಕೆ ಒಪ್ಪಿದರೆ ಕಾರ್ಡಿನ ಖಾತೆ ಮುಗಿಯುತ್ತದೆ, ವಸೂಲಿಯವರ ಫೋನ್ ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಸಾಲ ವಾಪಸ್ ಬರಲಿಲ್ಲ ಎಂಬುದೇ ಅದರ ಅರ್ಥ. ಮನ್ನಾ ಆದ 89,000 ಬ್ಯಾಂಕಿನ ಪುಸ್ತಕದಿಂದ ಇಳಿದು ನಿಮ್ಮ ವರದಿಗೆ ಬರುತ್ತದೆ. ಸಾಲದ ಮಾಹಿತಿಯನ್ನು ಸಿಬಿಲ್‌ನಂಥ ಕ್ರೆಡಿಟ್ ಸಂಸ್ಥೆಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಹೀಗೆ ರಾಜಿ ಮಾಡಿಕೊಂಡ ಸಾಲಗಾರನಿಗೆ ಅದೇ ಬ್ಯಾಂಕು ಮತ್ತೆ ಸಾಲ ಕೊಡುವ ಮುನ್ನ, ಕೃಷಿ ಸಾಲ ಬಿಟ್ಟು ಉಳಿದವಕ್ಕೆ, ಕನಿಷ್ಠ 12 ತಿಂಗಳ ಅಂತರ ಇರಬೇಕೆಂದು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೇಳಿದೆ. ಬ್ಯಾಂಕು ಬಯಸಿದರೆ ಇನ್ನೂ ಹೆಚ್ಚು ಇಡಬಹುದು. ಎಜುಕೇಶನ್ ಲೋನಿಗೆ ನೀವು ಸಹ-ಸಾಲಗಾರರಾಗಿ ಸಹಿ ಹಾಕುವವರು. ಮಗಳಿಗೆ ಸಾಲದ ಚರಿತ್ರೆಯೇ ಇಲ್ಲ, ಅಲ್ಲಿ ನೋಡುವುದು ನಿಮ್ಮದನ್ನು.

ಕಂತಿನ ವಿಷಯಕ್ಕೆ ಬರೋಣ. ಇಲ್ಲಿ ಎರಡು ಬೇರೆ ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಕಾರ್ಡಿನ ಬಾಕಿಯನ್ನು ಇಎಂಐ ಮಾಡಿಕೊಡುವುದು ಬ್ಯಾಂಕಿನ ಮಾಮೂಲಿ ಸೌಲಭ್ಯ. ಖಾತೆಯಲ್ಲಿ ಗಡುವು ಮೀರಿದ ಬಾಕಿ ಇಲ್ಲದಿದ್ದಾಗ ಇದನ್ನು ಪಡೆದರೆ ವರದಿಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ‘ಸಾಲಗಾರ ಕಷ್ಟದಲ್ಲಿದ್ದಾನೆ’ ಎಂಬ ಕಾರಣಕ್ಕೆ ಷರತ್ತುಗಳನ್ನೇ ಸಡಿಲಿಸಿ ಮಾಡುವ ಪುನರ್‌ರಚನೆ ಬೇರೆ. ಅದು ‘ರೀಸ್ಟ್ರಕ್ಚರ್ಡ್’ ಎಂದು ದಾಖಲಾಗುತ್ತದೆ. ‘ಸೆಟಲ್ಡ್’ ಆಗುವುದಕ್ಕಿಂತ ಅದು ವಾಸಿ, ಆದರೆ ಮುಂದೆ ಸಾಲ ಕೊಡುವವರು ಕಾರಣ ಕೇಳಿಯೇ ಕೇಳುತ್ತಾರೆ. ಶಾಖೆಯವರು ಹೇಳಿದ್ದು ಈ ಎರಡರಲ್ಲಿ ಯಾವುದು ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಇಮೇಲ್‌ನಲ್ಲೇ ಕೇಳಿ: ‘ಈ ಇಎಂಐ ಪರಿವರ್ತನೆಯ ನಂತರ ಕ್ರೆಡಿಟ್ ಸಂಸ್ಥೆಗಳಿಗೆ ನನ್ನ ಖಾತೆಯನ್ನು ಯಾವ ಸ್ಥಿತಿಯಲ್ಲಿ ವರದಿ ಮಾಡುತ್ತೀರಿ? ಪರಿವರ್ತನೆಗೆ ಮುನ್ನ ಎಷ್ಟು ಬಾಕಿ ತೀರಿಸಬೇಕು? ಬಡ್ಡಿ, ಶುಲ್ಕ, ಜಿಎಸ್‌ಟಿ ಸೇರಿ ಪ್ರತಿ ತಿಂಗಳ ಕಂತೆಷ್ಟು?’

ಇದಕ್ಕೆ ನಿಮ್ಮ ಬಳಿ ಹೆಚ್ಚು ಸಮಯವಿಲ್ಲ. ಸ್ಟೇಟ್‌ಮೆಂಟಿನ ಕನಿಷ್ಠ ಮೊತ್ತ ಅದರ ಗಡುವಿನಿಂದ 90 ದಿನದೊಳಗೆ ಪೂರ್ತಿ ಬರದಿದ್ದರೆ ಕಾರ್ಡ್ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಎನ್‌ಪಿಎ ಹಣೆಪಟ್ಟಿ ಬೀಳುವುದು ಒಂದು ಖಾತೆಗಲ್ಲ, ಆ ಬ್ಯಾಂಕಿನಲ್ಲಿರುವ ಸಾಲಗಾರನಿಗೆ. ಕಾರ್ಡ್ ಕೆಟ್ಟರೆ, ಒಂದು ಕಂತೂ ತಪ್ಪದ ನಿಮ್ಮ ಪರ್ಸನಲ್ ಲೋನ್ ಕೂಡ ಅದರ ಜೊತೆ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಒಮ್ಮೆ ಸೇರಿದ ಮೇಲೆ ಸ್ವಲ್ಪ ಸ್ವಲ್ಪ ಕಟ್ಟಿದರೆ ಹೊರಬರಲಾಗದು, ಬಡ್ಡಿ ಮತ್ತು ಅಸಲಿನ ಹಳೆಬಾಕಿ ಪೂರ್ತಿ ತೀರಬೇಕು. ಹಾಗಾಗಿ ಪತ್ರಿಕೆ ಕೈಗೆ ಬಂದ ದಿನವೇ ಸ್ಟೇಟ್‌ಮೆಂಟ್ ತೆಗೆದು ಗಡುವಿನಿಂದ ದಿನ ಎಣಿಸಿ.

ಈಗ ಲೆಕ್ಕ ಹಾಕೋಣ. ಒಡವೆಯನ್ನು ಹೇಗೂ ಅಡವಿಡುವುದಾದರೆ ಅದೇ 95,000ವನ್ನು ಬೇರೆ ರೀತಿ ಬಳಸಬಹುದು. ಮೊದಲು ತಪ್ಪಿದ ಕನಿಷ್ಠ ಮೊತ್ತಗಳನ್ನು ಕಟ್ಟಿ, ಉಳಿದ ಹಣವನ್ನೂ ಕಾರ್ಡಿಗೇ ತುಂಬಿ. ಆಗ ಬಾಕಿ 89,000. ಅದನ್ನು ವರ್ಷಕ್ಕೆ ಶೇ 18ರಂತೆ 36 ಕಂತು ಮಾಡಿಸಿದರೆ ತಿಂಗಳಿಗೆ ಸುಮಾರು 3,217. ಕಾರ್ಡಿನ ಬಡ್ಡಿಗೆ ಶೇ 18 ಜಿಎಸ್‌ಟಿ ಸೇರುವುದರಿಂದ ಮೊದಲ ತಿಂಗಳು 3,460 ಆಗಿ, ಬರಬರುತ್ತಾ ಇಳಿಯುತ್ತದೆ. ಚಿನ್ನದ ಸಾಲಕ್ಕೆ ಶೇ 10 ಎಂದಿಟ್ಟುಕೊಂಡರೆ ಬಡ್ಡಿ ತಿಂಗಳಿಗೆ ಸುಮಾರು 790. ಪರ್ಸನಲ್ ಲೋನ್ ಸೇರಿ ಒಟ್ಟು 15,650. ನೀವು ಹೇಳಿದ 19,000ದಲ್ಲಿ 3,350 ಮಿಕ್ಕುತ್ತದೆ. ಅದರಲ್ಲಿ 1,000 ಆರ್‌ಡಿಗೆ ಹಾಕಿ, 2,350 ಚಿನ್ನದ ಸಾಲದ ಅಸಲಿಗೆ ಕಟ್ಟಿ. ಅಸಲು ಇಳಿದಂತೆ ಉಳಿಯುವ ಬಡ್ಡಿಯನ್ನೂ ಅಲ್ಲಿಗೇ ಸೇರಿಸುತ್ತಾ ಹೋದರೆ ಮೂರು ವರ್ಷದೊಳಗೆ ಒಡವೆ ಮನೆಗೆ ಬರುತ್ತದೆ. ಆ ಸಾವಿರದ ಆರ್‌ಡಿ ಬಿಡಬೇಡಿ. ಕಂತಿನ ಯೋಜನೆಗಳು ಮುರಿದುಬೀಳುವುದು ಹೆಚ್ಚಾಗಿ ಒಂದು ಜ್ವರಕ್ಕೆ, ಒಂದು ಬೈಕ್ ರಿಪೇರಿಗೆ.

ಈ ದಾರಿ ದುಬಾರಿ ಎಂಬುದನ್ನು ಮುಚ್ಚಿಡುವುದಿಲ್ಲ. ಸೆಟಲ್‌ಮೆಂಟಿಗಿಂತ ಮೂರು ವರ್ಷದಲ್ಲಿ ಸುಮಾರು 1,20,600 ರೂಪಾಯಿ ಹೆಚ್ಚು ಕಟ್ಟುತ್ತೀರಿ. ನಿಮ್ಮ ಆದಾಯ ನಿಂತೇ ಹೋಗಿದ್ದರೆ, ಎರಡು ವರ್ಷದಲ್ಲಿ ಯಾವ ಸಾಲವೂ ಬೇಡವಾಗಿದ್ದರೆ, ‘ಸೆಟಲ್‌ಮೆಂಟ್ ಮಾಡಿಕೊಂಡು ಉಸಿರಾಡಿ’ ಎಂದೇ ಬರೆಯುತ್ತಿದ್ದೆವು. ಅದರಲ್ಲಿ ಅವಮಾನ ಪಡುವಂಥದ್ದೇನೂ ಇಲ್ಲ. ಆದರೆ ನಿಮಗೆ ಕಟ್ಟುವ ಶಕ್ತಿ ಇದೆ, ಮಗಳ ಓದು ಎದುರಿಗಿದೆ. ಹಾಗಾಗಿ ಕಂತು ಎಂಬುದೇ ನಮ್ಮ ಸಲಹೆ. ಏನೂ ಮಾಡದೆ ಬಿಡುವುದಂತೂ ಬೇಡ. ನಿಮ್ಮ ಸ್ಟೇಟ್‌ಮೆಂಟಿನಲ್ಲಿರುವ ತಿಂಗಳಿಗೆ ಶೇ 3.5ರ ಬಡ್ಡಿ ಈ ಬಾಕಿಗೆ 6,440. ಜಿಎಸ್‌ಟಿ ಸೇರಿ 7,599.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇವೆ. 95,000 ಎಂಬ ಅದೇ ಅಂಕಿಯನ್ನು ಒಂದೇ ಸಲ ತುಂಬಿದರೆ ಸೆಟಲ್‌ಮೆಂಟ್ ಒಪ್ಪಿದಿರೆಂದು ದಾಖಲಾಗುವ ಅಪಾಯವಿದೆ. ಎರಡು ಕಂತಿನಲ್ಲಿ ಕಟ್ಟಿ, ‘ಇದು ಬಾಕಿಯ ಭಾಗಶಃ ಪಾವತಿ, ಸೆಟಲ್‌ಮೆಂಟ್ ಒಪ್ಪಿಲ್ಲ’ ಎಂದು ಬ್ಯಾಂಕಿಗೆ ಮೊದಲೇ ಇಮೇಲ್ ಹಾಕಿ. ವಸೂಲಿಯವರ ಯುಪಿಐಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಕಾರ್ಡ್ ಖಾತೆಗೇ ಕಟ್ಟಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಕಂತು ಮುಗಿಯುವವರೆಗೆ ಆ ಕಾರ್ಡಿನಲ್ಲಿ ಏನೂ ಕೊಳ್ಳಬೇಡಿ. ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಆಟೋ ಡೆಬಿಟ್ ದಿನಾಂಕ ದುಡ್ಡು ಕೈಗೆ ಬಂದು ಮೂರ್ನಾಲ್ಕು ದಿನದ ನಂತರ ಇರಲಿ. ಬೌನ್ಸ್ ಆದರೆ ಉಳಿತಾಯ ಖಾತೆಯ ಕಡೆಯೂ ಸಾಲದ ಕಡೆಯೂ ದಂಡ. ಚಿನ್ನದ ಸಾಲವನ್ನು ಅಸಲನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಲು ಬಿಡುವ ಕಡೆಯೇ ಪಡೆಯಿರಿ. ಸಾಲ ಹೆಂಡತಿಯ ಹೆಸರಿನಲ್ಲಿದ್ದರೆ ಅದೂ ವರದಿಯಾಗುತ್ತದೆ, ಸರಿಯಾಗಿ ಕಟ್ಟಿದಂತೆ ಅವರ ಚರಿತ್ರೆಯೂ ಬೆಳೆಯುತ್ತದೆ. ‘ಕಂತು ನಿಲ್ಲಿಸಿ, ನಮಗೆ ದುಡ್ಡು ಕೊಡಿ, ಬ್ಯಾಂಕಿನ ಜೊತೆ ನಾವು ಮಾತಾಡುತ್ತೇವೆ’ ಎನ್ನುವವರ ಹತ್ತಿರ ಹೋಗಲೇಬೇಡಿ. ಅವರು ಮಾತಾಡುವಷ್ಟರಲ್ಲಿ 90 ದಿನ ಕಳೆದಿರುತ್ತದೆ.

ಇನ್ನು ವರದಿ ಸರಿಹೋಗುವ ಬಗೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಪ್ರತಿ ಸಾಲದ ಕೆಳಗೆ ಪುಟ್ಟ ಚೌಕಗಳ ಸಾಲಿರುತ್ತದೆ, ತಿಂಗಳಿಗೊಂದರಂತೆ 36. ‘000’ ಇದ್ದರೆ ಆ ತಿಂಗಳು ಬಾಕಿ ಇಲ್ಲ, ‘062’ ಇದ್ದರೆ 62 ದಿನ ತಡ. ನಿಮ್ಮ ಕಾರ್ಡಿನ ಆ ಎರಡು ಚೌಕಗಳನ್ನು ಅಳಿಸಲು ಯಾರಿಂದಲೂ ಆಗದು, ‘ಅಳಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಆದರೆ ಪ್ರತಿ ತಿಂಗಳೂ ಒಂದು ಹೊಸ ಚೌಕ ಸೇರಿ ಅವು ಹಿಂದೆ ಸರಿಯುತ್ತವೆ. ಮಗಳ ಅರ್ಜಿಯ ಹೊತ್ತಿಗೆ ಅವುಗಳ ಮುಂದೆ ಇಪ್ಪತ್ತಕ್ಕೂ ಹೆಚ್ಚು ‘000’ ನಿಂತಿರುತ್ತವೆ. ಸಾಲ ಕೊಡುವವರು ಹೆಚ್ಚು ತೂಕ ಕೊಡುವುದು ಇತ್ತೀಚಿನ ತಿಂಗಳುಗಳಿಗೆ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಈ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕಾಗಿದೆ. ಹಾಗಾಗಿ ಬಾಕಿ ತೀರಿಸಿ ಒಂದೂವರೆ ತಿಂಗಳಿಗೆ ವರದಿ ತೆಗೆದು ನೋಡಿ. ತಪ್ಪಿದ್ದರೆ ರಸೀತಿಯ ಜೊತೆ ಆ ಸಂಸ್ಥೆಯ ಜಾಲತಾಣದಲ್ಲಿ ದೂರು ದಾಖಲಿಸಿ. 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು, ಆಮೇಲೆ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕೊನೆಯ ಕಂತು ಕಟ್ಟಿದ ಮೇಲೆ ನೋ ಡ್ಯೂ ಪತ್ರ ಕೈಗೆ ಬರುವವರೆಗೂ ಬಿಡಬೇಡಿ. ಈಗಾಗಲೇ ಸೆಟಲ್‌ಮೆಂಟ್ ಮಾಡಿಕೊಂಡಿರುವ ಬೇರೆ ಓದುಗರಿಗೂ ಒಂದು ಮಾತು: ಮನ್ನಾ ಆದ ಮೊತ್ತವನ್ನು ಕಟ್ಟಿ ‘ಕ್ಲೋಸ್ಡ್’ ಮಾಡಿಸಲು ಬ್ಯಾಂಕನ್ನು ಈಗಲೂ ಕೇಳಬಹುದು. ಒಪ್ಪಿಗೆ ಲಿಖಿತವಾಗಿ ಸಿಕ್ಕ ನಂತರವೇ ಹಣ ಕಟ್ಟಿ.

ಈ ಎರಡು ವರ್ಷ ಹೊಸ ಸಾಲಕ್ಕೆ ಅಲ್ಲಿ ಇಲ್ಲಿ ಅರ್ಜಿ ಹಾಕಬೇಡಿ, ಸಾಲ ಕೊಡುವವರು ನಿಮ್ಮ ವರದಿಯನ್ನು ತರಿಸಿ ನೋಡಿದ ಪ್ರತಿ ಸಲವೂ ಅದು ವರದಿಯಲ್ಲಿ ಕಾಣುತ್ತದೆ. ಮಗಳ ಅರ್ಜಿಗೆ ಮೂರು ತಿಂಗಳ ಮೊದಲು ನಾಲ್ಕೂ ಸಂಸ್ಥೆಗಳ ವರದಿ ತೆಗೆದಿಡಿ. ಏನಾದರೂ ತಪ್ಪಿದ್ದರೆ ತಿದ್ದಿಸಿಕೊಳ್ಳಲು ಅಷ್ಟು ಸಮಯ ಬೇಕು.