ಟ್ರಿಗರ್ ಒತ್ತಿ ಹಿಡಿದರೆ ಏನಾಗುತ್ತದೆ?
(ಉತ್ತರಿಸುವವರು: ಸೇನೆಯಲ್ಲಿ ಬಂದೂಕು ರಿಪೇರಿ ನೋಡಿಕೊಳ್ಳುತ್ತಿದ್ದ ನಿವೃತ್ತ ಆರ್ಮರರ್, ಧಾರವಾಡ)

ಸರ್, ನಮ್ಮ ಸೇನೆಯ ಇನ್ಸಾಸ್ ಎಲ್‌ಎಂಜಿ (ಲೈಟ್ ಮಷಿನ್ ಗನ್) ಅಂದರೆ ಇನ್ಸಾಸ್ ರೈಫಲ್ಲೇ ಅಲ್ಲವೇ? ಮಷಿನ್ ಗನ್ ಅಂದಮೇಲೆ ಎಷ್ಟು ಹೊತ್ತು ಬೇಕಾದರೂ ಹೊಡೆಯಬಹುದಲ್ಲ? – ಹಾವೇರಿ

ಭರ್ತಿಗೆ ಓಡುವ ಹುಡುಗರಿಂದ ಈ ಪ್ರಶ್ನೆ ಬರದ ವಾರವೇ ಇಲ್ಲ. ಹುಬ್ಬಳ್ಳಿಯ ಒಂದು ಕೋಚಿಂಗ್ ಸೆಂಟರಿನ ನೋಟ್ಸಿನಲ್ಲೂ 'ಎಷ್ಟು ಹೊತ್ತಾದರೂ' ಎಂದೇ ಅಚ್ಚಾಗಿದೆ. ದುಡ್ಡು ತೆಗೆದುಕೊಂಡು ಇಂಥದ್ದನ್ನು ಕಲಿಸುವವರ ಮೇಲೆ ನನಗೆ ಸಿಟ್ಟಿದೆ.

ಮೂಲ ಒಂದೇ ಎನ್ನುವುದು ನಿಜ. ಅದೇ 5.56 ಮಿ.ಮೀ. ಗುಂಡು, ಬ್ಯಾರಲ್ ಮಾತ್ರ ಉದ್ದ, ದಪ್ಪ, ಮುಂದೆ ಎರಡು ಕಾಲು. ರೈಫಲ್ ಒಮ್ಮೆಗೆ ಮೂರೇ ಗುಂಡು ಬಿಟ್ಟು ನಿಲ್ಲುತ್ತದೆ, ಎಲ್‌ಎಂಜಿ ಒತ್ತಿದಷ್ಟು ಹೊತ್ತು ಬಿಡುತ್ತದೆ. ರಷ್ಯನ್ನರೂ ಹೀಗೇ ಮಾಡಿದರು: ಅವರ ಎಕೆಎಂ ರೈಫಲ್ಲಿನ 415 ಮಿ.ಮೀ. ಬ್ಯಾರಲ್ ಆರ್‌ಪಿಕೆ ಎಂಬ ಎಲ್‌ಎಂಜಿಯಲ್ಲಿ 590 ಆಯಿತು, 40 ಗುಂಡಿನ ಮ್ಯಾಗಜೀನ್, 75ರ ಡ್ರಮ್ ಬಂದವು. ಲಾಭ ದೊಡ್ಡದು. ಪಕ್ಕದವನ ಮ್ಯಾಗಜೀನ್ ನಿಮ್ಮದಕ್ಕೆ ಕೂರುತ್ತದೆ, ಬೇರೆ ತರಬೇತಿಯೂ ಬೇಡ.

ಆದರೆ ಬ್ಯಾರಲ್ ಬಿಚ್ಚಲು ಬರುವುದಿಲ್ಲ. ಹಳೆಯ ಬ್ರೆನ್ ಎಂಬ ಎಲ್‌ಎಂಜಿಯಲ್ಲಿ ಕಾದದ್ದನ್ನು ಹಿಡಿಕೆ ಹಿಡಿದು ತೆಗೆದು ಇನ್ನೊಂದನ್ನು ಹಾಕುತ್ತಿದ್ದರು. ಅದಕ್ಕಿಂತ ಮುಖ್ಯ, ಟ್ರಿಗರ್ ಬಿಟ್ಟಾಗ ಬ್ರೆನ್‌ನ ಬೋಲ್ಟ್, ಅಂದರೆ ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಭಾಗ, ಹಿಂದೆಯೇ ನಿಲ್ಲುತ್ತಿತ್ತು. ಬ್ಯಾರಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಚೇಂಬರ್ ಖಾಲಿ, ಒಳಗೆ ಗಾಳಿ. ರೈಫಲ್‌ನಿಂದ ಹುಟ್ಟಿದ ಈ ಎಲ್‌ಎಂಜಿಗಳಲ್ಲಿ ಬೋಲ್ಟ್ ಮುಚ್ಚಿಕೊಂಡು ಮುಂದಿನ ಗುಂಡು ಕಾದ ಚೇಂಬರಿನಲ್ಲೇ ಕೂತಿರುತ್ತದೆ. ಒಲೆ ಆರಿಸಿದ ಮೇಲೂ ಹೆಂಚಿನ ಮೇಲೆ ಬಿಟ್ಟ ರೊಟ್ಟಿ ಸೀಯುತ್ತದಲ್ಲ, ಹಾಗೆ ಒಳಗಿನ ಮದ್ದು ಕಾದು, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಅದಕ್ಕೇ ಎರಡು-ಮೂರು, ಎರಡು-ಮೂರು ಎಂದು ಬಿಟ್ಟು ಬಿಟ್ಟು ಹೊಡೆಸುವುದು. ಕಾದ ಗನ್ ನಡುವೆ ನಿಂತರೆ ಮೂತಿ ಟಾರ್ಗೆಟ್ ಕಡೆಗೇ ಇರಲಿ. ಉಸ್ತಾದ್ ಹೇಳುವವರೆಗೆ ಬಗ್ಗಿ ನೋಡಬೇಡಿ. ಈ ವಿಷಯದಲ್ಲಿ ನಾನು ಅತಿ ಅಂಜುಬುರುಕ ಎನ್ನುತ್ತಿದ್ದರು. ಅನ್ನಲಿ.

ಕಾದ ಬ್ಯಾರಲ್ ಮೇಲೆ ನೀರು ಸುರಿಯಬಹುದೇ? – ಗದಗ

ಬೇಡ. ಉಕ್ಕು ಒಂದು ಮಗ್ಗುಲಲ್ಲಿ ಮಾತ್ರ ತಣಿದರೆ ಸೊಟ್ಟಗಾಗುವ ಭಯವಿದೆ.

ಸಿನಿಮಾದವರಂತೆ ಸೊಂಟಕ್ಕೆ ಹಿಡಿದು ಹೊಡೆದರೆ ಗುರಿ ಸಿಗುತ್ತದೆಯೇ? – ಹುಬ್ಬಳ್ಳಿ

ಇಲ್ಲ. ಎರಡು ಕಾಲು ಕೊಟ್ಟಿರುವುದು ನೆಲಕ್ಕೂರಲು.

ಹಾಗಾದರೆ ಇಸ್ರೇಲಿನ ನೆಗೆವ್ ಎಲ್‌ಎಂಜಿ ತರಿಸಿದ್ದೇಕೆ? – ರಾಣೆಬೆನ್ನೂರು

2020ರ ಮಾರ್ಚ್‌ನಲ್ಲಿ 16,479 ನೆಗೆವ್‌ಗಳಿಗೆ ಒಪ್ಪಂದವಾಯಿತು. ಗುಂಡು 7.62 ಮಿ.ಮೀ., ಬೆಲ್ಟಿನಲ್ಲಿ ಬರುತ್ತದೆ, ಬ್ಯಾರಲ್ ಬೇಗ ಬದಲಾಗುತ್ತದೆ. ಮೇಲಿನ ಉತ್ತರ ಓದಿದ್ದರೆ ಈ ಪ್ರಶ್ನೆ ಉಳಿಯುವುದಿಲ್ಲ.