ಪ್ರತಿಕ್ರಿಯೆ: ಅತ್ತೆಯ ಆರೈಕೆ, ಆರಾಧನೆ, ಯಾಕೋಬನ ಪತ್ರಿಕೆ

ಸಹೋದರಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ ಭಾನುವಾರದ ಆರಾಧನೆ ತಪ್ಪುತ್ತಿದೆ, "ನಂಬಿಕೆಯಿಂದಲೇ ರಕ್ಷಣೆ, ಈ ಸೇವೆ ಲೆಕ್ಕಕ್ಕಿಲ್ಲ" ಎಂದು ಯಾರೋ ಹೇಳಿದರು, ಹಾಗಾದರೆ ಮನುಷ್ಯ ನೀತಿವಂತನೆನಿಸುವುದು ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಎನ್ನುವ ಯಾಕೋಬ 2:24ರ ಅರ್ಥವೇನು ಎಂದು ಕೇಳಿದ್ದೀರಿ.

ಹೊಸ ಒಡಂಬಡಿಕೆಯ ತಮ್ಮ ಪತ್ರಿಕೆಗಳಲ್ಲಿ ಪೌಲನೂ ಯಾಕೋಬನೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ. ಪೌಲ ಹಿಡಿದದ್ದು ಆದಿಕಾಂಡ 15ನೆಯ ಅಧ್ಯಾಯ: ಮಗ ಇಸಾಕ ಇನ್ನೂ ಹುಟ್ಟಿಲ್ಲ, ಅಬ್ರಹಾಮ ದೇವರ ಮಾತನ್ನು ನಂಬಿದ, ಅಷ್ಟೇ. ಯಾಕೋಬ ಅದರ ಜೊತೆಗೆ 22ನೆಯ ಅಧ್ಯಾಯಕ್ಕೂ ಹೋಗುತ್ತಾನೆ. ಅಲ್ಲಿ ಇಸಾಕ ಬೆಳೆದ ಹುಡುಗ, ದೇವರು ಕೇಳಿದಾಗ ಅಬ್ರಹಾಮ ಅವನನ್ನೇ ಬಲಿ ಕೊಡಲು ಮುಂದಾದ. ಮೊದಲಿದ್ದ ನಂಬಿಕೆಯೇ ಅಲ್ಲಿ ಕೈಕಾಲಿಗೆ ಇಳಿಯಿತು. ರಕ್ಷಣೆ ನಂಬಿಕೆಯ ಮೂಲಕ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9ನ್ನು ಬಾಯಿಪಾಠ ಹೇಳುವವರು 10ನೆಯ ವಚನಕ್ಕೆ ಬರುವುದರೊಳಗೆ ಯಾಕೋ ನಿಲ್ಲಿಸಿಬಿಡುತ್ತಾರೆ. ಸತ್ಕಾರ್ಯಗಳಿಗಾಗಿಯೇ ನಮ್ಮನ್ನು ಸೃಷ್ಟಿಸಲಾಗಿದೆ ಎಂಬ ಮಾತು ಇರುವುದು ಅಲ್ಲೇ.

ನಿಮ್ಮ ವಿಷಯಕ್ಕೆ ಮಾರ್ಕ 7:9-13 ಓದಿ. ಹೆತ್ತವರಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಜಾರಿಕೊಳ್ಳಲು ಬಿಡುವವರನ್ನು ಯೇಸು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ. 1 ತಿಮೊಥೆಯ 5:4 ಕೂಡ ಭಕ್ತಿಯನ್ನು ಮೊದಲು ಮನೆಯವರಲ್ಲಿ ತೋರಿಸಬೇಕೆನ್ನುತ್ತದೆ. ಅತ್ತೆಗೆ ಗಂಜಿ ಕುಡಿಸಿ, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿ, ಮಗ್ಗುಲು ಬದಲಿಸುವುದು ರಕ್ಷಣೆಗೆ ಕೊಡುವ ಬೆಲೆಯಲ್ಲ ನಿಜ. ಆದರೆ ಅದು ಲೆಕ್ಕಕ್ಕಿಲ್ಲ ಎಂದವರು ಒಂದು ದಿನ ಬಂದು ಮಾಡಿನೋಡಲಿ!

ಹಾಗಂತ ಸಭೆಯ ಸಹವಾಸ ಬಿಡಬೇಡಿ. ಅತ್ತೆಯ ಬಳಿ ಎರಡು ಗಂಟೆ ಕೂರಲು ಚರ್ಚಿನ ಸ್ತ್ರೀ ಸಮಾಜದವರನ್ನು ಕೇಳಿ, ಸಂಕೋಚ ಬೇಡ. ಕಾಯಿಲೆಯವರಿರುವ ಮನೆಗೆ ಪ್ರಭುಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತಂದುಕೊಡುವ ಪದ್ಧತಿ ಅನೇಕ ಸಭೆಗಳಲ್ಲಿದೆ, ಪಾಸ್ಟರಿಗೆ ಒಂದು ಫೋನ್ ಮಾಡಿ.