ಮಬ್ಬು ಬೆಳಕಿನಲ್ಲಿ ಪುಟ್ಟ ಕ್ಯಾಮೆರಾ ಯಾಕೆ ತಡಕಾಡುತ್ತದೆ?

ಪ್ರಶ್ನೆ: ನನ್ನ ಹತ್ತಿರ ಜೇಬಿನಲ್ಲಿ ಹಿಡಿಸುವಂಥ ಡಿಜಿಟಲ್ ಕ್ಯಾಮೆರಾ ಇದೆ. ಹಗಲಲ್ಲಿ ಫೋಟೊ ತುಂಬ ಚೆನ್ನಾಗಿ ಬರುತ್ತದೆ. ಸಂಜೆ ಮನೆಯೊಳಗೆ ಮಕ್ಕಳ ಫೋಟೊ ತೆಗೆಯಲು ಹೋದರೆ ಮಾತ್ರ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಕೊನೆಗೆ ಮುಖವೆಲ್ಲ ಮಸುಕು. ಫ್ಲ್ಯಾಶ್ ಹಾಕಿದರೂ ಅಷ್ಟೇ. ಕ್ಯಾಮೆರಾ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಾರದು, ಸುಮ್ನೆ ರಿಪೇರಿಗೆ ಕೊಡಬೇಡಿ. ಹಗಲಲ್ಲಿ ಚೆನ್ನಾಗಿ ಬರುತ್ತದೆ ಎಂದಿರಲ್ವಾ, ಅಂದರೆ ಲೆನ್ಸು, ಮೋಟರು ಎರಡೂ ಸರಿಯಾಗಿವೆ.

ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು ಫೋಕಸ್ ಮಾಡುವಾಗ ದೂರವನ್ನು ನೇರವಾಗಿ ಅಳೆಯುವುದಿಲ್ಲ. ಲೆನ್ಸನ್ನು ಚೂರುಚೂರೇ ಸರಿಸುತ್ತ, ಸೆನ್ಸರ್ ಮೇಲೆ, ಅಂದರೆ ಬೆಳಕನ್ನು ಹಿಡಿಯುವ ಚಿಪ್ ಮೇಲೆ, ಬಿದ್ದ ಚಿತ್ರವನ್ನು ನೋಡುತ್ತ ಹೋಗುತ್ತವೆ. ಕಪ್ಪು ಬಿಳುಪಿನ ನಡುವಿನ ಅಂಚು ಎಲ್ಲಿ ಅತಿ ಚೂಪಾಗಿ ಕಾಣುತ್ತದೋ ಅಲ್ಲಿ ನಿಲ್ಲುತ್ತವೆ. ಆ ಜಾಗ ದಾಟಿದ ಮೇಲಷ್ಟೇ ದಾಟಿದ್ದು ಗೊತ್ತಾಗುವುದರಿಂದ ಲೆನ್ಸ್ ಒಮ್ಮೆ ಹಿಂದೆ ಬರಲೇಬೇಕು. ಹಗಲಲ್ಲೂ ಇದೇ ನಡೆಯುತ್ತದೆ, ಬೇಗ ಮುಗಿಯುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಬೆಳಕು ಕಡಿಮೆಯಾದಾಗ ಅಂಚು ಮಂಕಾಗುತ್ತದೆ. ಚಿತ್ರದ ತುಂಬ ಕಾಳುಕಾಳಾಗಿ ಬೇಡದ ಚುಕ್ಕೆಗಳು ಬೇರೆ, ಅದನ್ನೇ ನಾಯ್ಸ್ ಎನ್ನುವುದು. ಯಾವುದು ಅಂಚು, ಯಾವುದು ನಾಯ್ಸ್ ಎಂದು ಬೇರ್ಪಡಿಸಲಾಗದೆ ಲೆನ್ಸ್ ತಡಕಾಡುತ್ತದೆ.

ಫ್ಲ್ಯಾಶ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅದು ಬೆಳಗುವುದು ಫೋಕಸ್ ಮುಗಿದ ಮೇಲೆ. ಫೋಕಸ್‌ಗೆಂದೇ ಹೆಚ್ಚಿನ ಕ್ಯಾಮೆರಾಗಳ ಮುಂಭಾಗದಲ್ಲಿ ಬೇರೊಂದು ಪುಟ್ಟ ದೀಪ ಇರುತ್ತದೆ. ಅದನ್ನು ಎಎಫ್ (ಆಟೊಫೋಕಸ್) ಅಸಿಸ್ಟ್ ಎನ್ನುತ್ತಾರೆ. ಮೆನುವಿನಲ್ಲಿ ಅದು ಆನ್ ಆಗಿದೆಯೇ ನೋಡಿ. ಕ್ಯಾಮೆರಾ ಹಿಡಿದಾಗ ನಿಮ್ಮ ಎಡಗೈ ಬೆರಳು ಅದರ ಮೇಲೇ ಕೂತಿದೆಯೇ ಎಂದೂ ನೋಡಿ. ಇದು ತುಂಬ ಜನರಿಗೆ ಆಗುವಂಥದ್ದು. ಆ ದೀಪದ ಬೆಳಕು ಕೆಲವೇ ಮೀಟರ್ ದೂರ ಹೋಗುತ್ತದೆ, ಕೋಣೆಯೊಳಗೆ ಸಾಕು.

ಇನ್ನು ನಿಮ್ಮ ಕೈಯಲ್ಲಿರುವ ಮುಖ್ಯ ಕೆಲಸ, ಕ್ಯಾಮೆರಾಗೆ ಒಂದು ಒಳ್ಳೆಯ ಅಂಚು ತೋರಿಸುವುದು. ಪರದೆಯಲ್ಲಿ ಕಾಣುವ ಫೋಕಸ್ ಚೌಕವನ್ನು ನಡುವಿನ ಒಂದೇ ಬಿಂದುವಿಗೆ ಇಟ್ಟುಕೊಳ್ಳಿ. ಆ ಚೌಕವನ್ನು ಕೆನ್ನೆಯ ಮೇಲೆ ಇಡಬೇಡಿ, ಅಲ್ಲಿ ಬರೀ ಚರ್ಮ. ಅಂಗಿಯ ಕಾಲರ್ ಕುತ್ತಿಗೆಗೆ ತಾಗುವ ಗೆರೆ, ಹಣೆ ಮತ್ತು ಕೂದಲು ಸೇರುವ ಜಾಗ, ಕನ್ನಡಕದ ಫ್ರೇಮು, ಇಂಥಲ್ಲಿ ಇಡಿ. ಬಟನ್ ಅರ್ಧ ಒತ್ತಿ ನಿಲ್ಲಿ. ಚೌಕ ಹಸಿರಾದ ಮೇಲೆ, ಅಂದರೆ ಫೋಕಸ್ ಸಿಕ್ಕ ಮೇಲೆ, ಬೆರಳು ಸಡಿಲಿಸದೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಸರಿಮಾಡಿಕೊಂಡು ಪೂರ್ತಿ ಒತ್ತಿ. ಮಗು ಇರುವಷ್ಟೇ ದೂರದಲ್ಲಿರುವ ಬಾಗಿಲಿನ ಅಂಚಿನ ಮೇಲೂ ಹೀಗೆ ಫೋಕಸ್ ಹಿಡಿಯಬಹುದು. ಹಸಿರಾಗದಿದ್ದರೆ ಕ್ಯಾಮೆರಾವನ್ನು ಅಡ್ಡ ಇದ್ದದ್ದು ಉದ್ದ ಮಾಡಿ ಮತ್ತೆ ಒತ್ತಿ ನೋಡಿ. ಕೆಲವು ಕ್ಯಾಮೆರಾಗಳು ನಿಂತ ಗೆರೆಯನ್ನು ಹಿಡಿದಷ್ಟು ಸುಲಭವಾಗಿ ಮಲಗಿದ ಗೆರೆಯನ್ನು ಹಿಡಿಯುವುದಿಲ್ಲ.

ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ಜೂಮ್ ಮಾಡಿದಂತೆ ಸಾಮಾನ್ಯವಾಗಿ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಕಿರಿದಾಗುತ್ತದೆ. ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಎಫ್ 2.8 ಇದ್ದದ್ದು 5.6 ಆದರೆ ಸೆನ್ಸರ್‌ಗೆ ಸಿಗುವ ಬೆಳಕು ನಾಲ್ಕನೇ ಒಂದು ಭಾಗ ಮಾತ್ರ!

ನಿಮ್ಮ ಕ್ಯಾಮೆರಾದಲ್ಲಿ ಮ್ಯಾನುವಲ್ ಫೋಕಸ್, ಅಂದರೆ ದೂರವನ್ನು ನೀವೇ ಹೊಂದಿಸುವ ಸೌಲಭ್ಯ, ಇದ್ದರೆ ಈ ಒದ್ದಾಟವೇ ಬೇಡ. ಪುಟ್ಟ ಸೆನ್ಸರ್‌ನ ದೊಡ್ಡ ಲಾಭ ಇಲ್ಲಿದೆ. 1/2.3 ಇಂಚಿನ ಸೆನ್ಸರ್, ಜೂಮ್ ಮಾಡದಿರುವಾಗ ಸುಮಾರು 4.5 ಮಿಲಿಮೀಟರ್ ಲೆನ್ಸ್, ಎಫ್ 2.8 ಅಪರ್ಚರ್ ಇದ್ದಾಗ ಫೋಕಸ್ ಅನ್ನು ಒಂದೂವರೆ ಮೀಟರ್‌ಗೆ ಇಟ್ಟರೆ ಸಾಕು. ಮುಕ್ಕಾಲು ಮೀಟರ್‌ನಿಂದ ಆಚೆಗೆ ಎಲ್ಲವೂ ಬಹುಮಟ್ಟಿಗೆ ಸ್ಪಷ್ಟವಾಗಿ ಬರುತ್ತದೆ. ಮಕ್ಕಳು ಓಡಾಡುತ್ತಿದ್ದರೆ ನನಗಂತೂ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ದೂರದ ದೀಪಗಳಿಗೆ, ಚಂದ್ರನಿಗೆ ಬೆಟ್ಟದ ಗುರುತಿನ ಮೋಡ್ ಹಾಕಿ.

ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಮಸುಕಾದ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮುಖ ಮಸುಕಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಹೆಚ್ಚಾಗಿ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ, ಕುರ್ಚಿ, ಮಗುವಿನ ಅಂಗಿ ಎಲ್ಲ ಸರಿಯಿದ್ದು ಆಡಿಸುತ್ತಿದ್ದ ಕೈ ಮಾತ್ರ ಕಲಸಿದ್ದರೆ ಷಟರ್ ನಿಧಾನವಾಗಿದೆ, ಅಂದರೆ ಬೆಳಕು ಒಳಗೆ ಬಿಡುವ ಪರದೆ ಹೆಚ್ಚು ಹೊತ್ತು ತೆರೆದಿದೆ. ಆಗ ಫೋಕಸ್ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಜಾಸ್ತಿ ಮಾಡಿ, ಇಲ್ಲವೇ ಕೋಣೆಯಲ್ಲಿ ಇನ್ನೊಂದು ದೀಪ ಹಾಕಿ.